ಕಡತ ಬದಲಾದ ಸುದ್ದಿ

ಅಂಕೋಲಾ ತಾಲೂಕಿನ ಶೆಟಗೇರಿಯ ಕಡೆಯ ಹಳ್ಳಿಗಳಲ್ಲಿ ಬಯಲಾಟವಿರುವ ದಿನ ಸಂಜೆಗತ್ತಲಾಗುತ್ತಲೇ ‘ಕೇಳಿ’ ಬಾರಿಸುವ ಪದ್ಧತಿ ಹಿಂದಿನಿಂದ ಬಂದುದು. ರಂಗಸ್ಥಳದ ಬಳಿ ಚೆಂಡೆ ಮದ್ದಳೆಗಳನ್ನು ನುಡಿಸಿದರೆ ಆ ನಾದವು ಗದ್ದೆಯ ಬಯಲನ್ನೂ ತೆಂಗಿನ ತೋಟಗಳನ್ನೂ ದಾಟಿ ದೂರದ ಕೇರಿಗಳನ್ನು ಮುಟ್ಟುತ್ತದೆ. ಕೇಳಿದವರು ಇಂದು ಆಟವುಂಟೆಂದು ತಿಳಿದು, ಊಟವನ್ನು ಬೇಗ ಮುಗಿಸಿ, ಚಾಪೆ ಕಂಬಳಿಗಳನ್ನು ಹೆಗಲಿಗೇರಿಸಿ ಹೊರಡುತ್ತಾರೆ. ಅಂದಿನ ಪ್ರಸಂಗ ಯಾವುದು, ಯಾರ ಯಾರ ವೇಷಗಳಿವೆ ಎಂಬುದನ್ನು ಚೆಂಡೆಯು ಹೇಳುವುದಿಲ್ಲ. ಅದನ್ನು ಅರಿಯಬೇಕೆನ್ನುವವನು ಬಯಲಿಗೆ ಹೋಗಿಯೇ ನೋಡಬೇಕು. ಪ್ರತಿದಿನ ಸಂಜೆ ಬಯಲಿನವರೆಗೆ ನಡೆದು ಬಂದು, ಆಟವಿದೆಯೇ ಇಲ್ಲವೇ ಎಂದು ನೋಡಿ ಹಿಂದಿರುಗುವ ಶ್ರಮವನ್ನು ಮಾತ್ರ ಆ ನಾದವು ತಪ್ಪಿಸುತ್ತದೆ.

ಗಣಕಯಂತ್ರದ ಒಡಲಿನಲ್ಲಿಯೂ ಇಂತಹ ಒಂದು ಕೇಳಿಯ ಏರ್ಪಾಡು 2011ರಲ್ಲಿ ಆಯಿತು. ಕರ್ನೆಲ್ ಎಂಬ ಮೂಲತಂತ್ರವು ತನ್ನ ವಶದಲ್ಲಿರಿಸಿಕೊಂಡ ಕಡತವೊಂದು ಬದಲಾದಾಗ, ಆ ಕಡತವನ್ನು ನಂಬಿ ನಡೆಯುವವರಿಗೆ ಅದರ ಸುಳಿವು ಕೊಡುವುದು ಹೇಗೆ ಎಂಬುದು ಅಲ್ಲಿನ ಪ್ರಶ್ನೆ. ಮೇಲುನೋಟಕ್ಕೆ ಅಲ್ಪವೆಂದು ತೋರುವ ಈ ಪ್ರಶ್ನೆಗೆ ತಕ್ಕ ಉತ್ತರ ದೊರೆಯುವುದಕ್ಕೆ, ಲಿನಕ್ಸ್ ಎಂಬ ಆ ಕರ್ನೆಲ್ ಹುಟ್ಟಿದ ಮೇಲೆ ಇಪ್ಪತ್ತು ವರ್ಷಗಳೇ ಬೇಕಾದವು.

ಗಣಕಯಂತ್ರವನ್ನು ನಡೆಸುವ ಆದೇಶಗಳ ಸಮೂಹಕ್ಕೆ ಕಾರ್ಯಾಚರಣ ವ್ಯವಸ್ಥೆ ಎಂದು ಹೆಸರು. ಅದರ ತೀರ ಒಳಗಿನ ಭಾಗವೇ ಕರ್ನೆಲ್. ಆ ಮಾತಿನ ಅರ್ಥ ಕಾಳಿನೊಳಗಿನ ತಿರುಳು ಎಂದು. ಯಂತ್ರದ ಸಂಸ್ಕಾರಕ, ಸ್ಮೃತಿ, ದತ್ತಾಂಶದ ತಟ್ಟೆ, ಹೊರಜಗತ್ತಿಗೆ ಜೋಡಿಸುವ ಜಾಲ, ಇವೆಲ್ಲಕ್ಕೂ ಅದೇ ಯಜಮಾನ. ಉಳಿದ ಕ್ರಮವಿಧಿಗಳು ಏನು ಬೇಕೆಂದರೂ ಅದನ್ನೇ ಬೇಡಬೇಕು. ಫಿನ್ಲೆಂಡಿನ ಹೆಲ್ಸಿಂಕಿ ವಿಶ್ವವಿದ್ಯಾಲಯದ ವಿದ್ಯಾರ್ಥಿಯಾಗಿದ್ದ ಲೈನಸ್ ಟೋರ್ವಾಲ್ಡ್ಸ್ 1991ರಲ್ಲಿ ಬರೆಯತೊಡಗಿದ ಲಿನಕ್ಸ್ ಕರ್ನೆಲ್ ಇಂದು ಜಗತ್ತಿನಾದ್ಯಂತ ಹರಡಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 2022ರಲ್ಲಿ ನೆಲೆಗೊಂಡ ‘ಪರಮ್ ಪ್ರವೇಗ’ ಎಂಬ ಮಹಾಗಣಕವನ್ನು ನಡೆಸುವುದೂ ಅದೇ. ಶೆಟಗೇರಿಯ ರೈತನ ಅಂಗಿಯ ಕಿಸೆಯಲ್ಲಿರುವ ಆಂಡ್ರಾಯ್ಡ್ ದೂರವಾಣಿಯನ್ನು ನಡೆಸುವುದೂ ಅದೇ.

ಈ ಕರ್ನೆಲ್ ತನ್ನ ಸ್ಥಿತಿಗತಿಗಳನ್ನು ಹೊರಗಿನವರಿಗೆ ತಿಳಿಸುವ ಬಗೆ ವಿಚಿತ್ರವಾದುದು. ‘ಪ್ರೊಕ್’ ಎಂಬ ಕಡತಕೋಶವೊಂದನ್ನು ಅದು ತೆರೆದಿಟ್ಟಿದೆ. ಅದರೊಳಗೆ ‘ಸಿಸ್’, ಅದರೊಳಗೆ ‘ಕರ್ನೆಲ್’, ಅದರೊಳಗೆ ‘ಹೋಸ್ಟ್‌ನೇಮ್’ ಎಂದು ಮೆಟ್ಟಿಲು ಮೆಟ್ಟಿಲಾಗಿ ಇಳಿದು ಹೋದರೆ ಆ ಯಂತ್ರದ ಹೆಸರು ದೊರೆಯುತ್ತದೆ. ನೋಡುವವನಿಗೆ ಅದು ಉಳಿದ ಕಡತಗಳಂತೆಯೇ ಕಡತ. ಆದರೆ ತಟ್ಟೆಯ ಮೇಲೆ ಎಲ್ಲಿ ಹುಡುಕಿದರೂ ಅದು ಸಿಕ್ಕುವುದಿಲ್ಲ. ಓದಲೆಂದು ಯಾರಾದರೂ ತೆರೆದ ಕ್ಷಣದಲ್ಲಿ ಕರ್ನೆಲ್ ತನ್ನ ಸ್ಮೃತಿಯನ್ನು ನೋಡಿ ಉತ್ತರವನ್ನು ಬರೆದುಕೊಡುತ್ತದೆ. ಓದಿ ಮುಗಿದ ಮೇಲೆ ಕಡತವೂ ಇಲ್ಲ, ಬರಹವೂ ಇಲ್ಲ. ಯಂತ್ರದೊಳಗಿನ ಚಟುವಟಿಕೆಗಳನ್ನು ಹೀಗೆ ಕಡತಗಳ ರೂಪದಲ್ಲಿ ತೋರಿಸುವ ವಿಚಾರವನ್ನು ಅಮೆರಿಕದ ಬೆಲ್ ಪ್ರಯೋಗಶಾಲೆಯ ಟಾಮ್ ಕಿಲಿಯನ್ 1984ರಲ್ಲಿ ಮಂಡಿಸಿದರು. ಅದು ಮುಂದೆ ಬೇರೆ ಬೇರೆ ವ್ಯವಸ್ಥೆಗಳಿಗೆ ಹಬ್ಬಿ ಲಿನಕ್ಸಿಗೂ ಬಂದಿತು. ಇಂತಹ ಕಡತಗಳಲ್ಲಿ ಕೆಲವನ್ನು ಓದಬಹುದು ಮಾತ್ರ. ಇನ್ನು ಕೆಲವಕ್ಕೆ ಬರೆಯಲೂ ಬಹುದು. ಬರೆದರೆ ಕರ್ನೆಲ್ಲಿನ ನಡವಳಿಕೆಯೇ ಬದಲಾಗುತ್ತದೆ. ಯಂತ್ರದ ಹೆಸರಿನ ಕಡತವು ಈ ಎರಡನೆಯ ಬಗೆಯದು. ಅಧಿಕಾರವುಳ್ಳವನು ಅಲ್ಲಿ 64 ಅಕ್ಷರಗಳನ್ನು ಮೀರದ ಹೊಸ ಹೆಸರನ್ನು ಬರೆದರೆ ಆ ಕ್ಷಣದಿಂದ ಯಂತ್ರದ ಹೆಸರು ಅದೇ.

ಹೆಸರು ಬದಲಾದರೆ ಆಗುವುದೇನು ಎಂದು ಕೇಳಬಹುದು. ಯಂತ್ರದಲ್ಲಿ ದಿನಚರಿಯನ್ನು ಬರೆಯುವ ಕ್ರಮವಿಧಿಯೊಂದು ಸದಾ ಕೆಲಸ ಮಾಡುತ್ತಿರುತ್ತದೆ. ಯಾರು ಒಳಬಂದರು, ಯಾವ ಕೆಲಸ ಕೆಟ್ಟಿತು, ಯಾವಾಗ ಕೆಟ್ಟಿತು ಎಂಬುದನ್ನೆಲ್ಲ ಅದು ಸಾಲು ಸಾಲಾಗಿ ದಾಖಲಿಸುತ್ತದೆ. ಪ್ರತಿಯೊಂದು ದಾಖಲೆಯಲ್ಲಿಯೂ ಯಂತ್ರದ ಹೆಸರನ್ನು ನಮೂದಿಸುತ್ತದೆ. ಸಾವಿರ ಯಂತ್ರಗಳ ದಿನಚರಿಗಳನ್ನು ಒಂದೆಡೆ ಸೇರಿಸಿ ಪರಿಶೀಲಿಸುವ ಸಂಸ್ಥೆಯಲ್ಲಿ, ಕೆಟ್ಟ ಯಂತ್ರ ಯಾವುದೆಂದು ತಿಳಿಯಲು ಆ ಹೆಸರೇ ಆಧಾರ. ಆದರೆ ಯಂತ್ರವು ಚಾಲನೆಗೊಂಡಾಗ ಅದಕ್ಕೆ ತಾತ್ಕಾಲಿಕವಾದ ಒಂದು ಹೆಸರಿದ್ದು, ಜಾಲದ ಸಂಪರ್ಕ ದೊರೆತ ಮೇಲೆ ನಿಜವಾದ ಹೆಸರು ಬರುವುದುಂಟು. ದಿನಚರಿಕಾರನು ಮೊದಲೊಮ್ಮೆ ಓದಿಕೊಂಡ ಹೆಸರನ್ನೇ ನೆನಪಿನಲ್ಲಿಟ್ಟುಕೊಂಡು ಬರೆಯುತ್ತ ಹೋದರೆ, ಅಂದಿನಿಂದ ಅವನು ಬರೆಯುವ ಸಾಲುಗಳೆಲ್ಲ ಇಲ್ಲದ ಯಂತ್ರವೊಂದರ ಚರಿತ್ರೆಯಾಗುತ್ತವೆ. ಅವನು ಸುಳ್ಳು ಬರೆದನೆಂದು ಹೇಳುವಂತಿಲ್ಲ. ಅವನಿಗೆ ಯಾರೂ ಹೇಳಲಿಲ್ಲ, ಅಷ್ಟೆ.

ದಾಖಲೆಯಲ್ಲಿ ಹೆಸರು ಬದಲಾಗುವುದೆಂದರೆ ಎಂತಹ ಸಂಗತಿ ಎಂಬುದನ್ನು ಅಂಕೋಲಾ ತಾಲೂಕಿನ ರೈತರಿಗೆ ಬೇರೆಯವರು ವಿವರಿಸಬೇಕಾದುದಿಲ್ಲ. 1930ರ ದಶಕದ ಆರಂಭದಲ್ಲಿ ಕರನಿರಾಕರಣೆಯ ಚಳವಳಿಯಲ್ಲಿ ತೊಡಗಿ, ಸರಕಾರಕ್ಕೆ ಕಂದಾಯ ಸಲ್ಲಿಸಲೊಲ್ಲದೆ, ಇಲ್ಲಿನ ಅನೇಕ ಕುಟುಂಬಗಳು ತಮ್ಮ ಜಮೀನುಗಳನ್ನು ಕಳೆದುಕೊಂಡವು. ಹಾಗೆ ಮುಟ್ಟುಗೋಲಾದ ಭೂಮಿಯನ್ನು ಮರಳಿಸಲು ಮುಂಬಯಿ ಪ್ರಾಂತದಲ್ಲಿ 1938ರಲ್ಲಿ ಶಾಸನವೇ ಆಗಬೇಕಾಯಿತು. ಮುಂದೆ 1974ರ ಮಾರ್ಚ್ 1ರಂದು ಭೂಸುಧಾರಣೆಯ ತಿದ್ದುಪಡಿ ಜಾರಿಗೆ ಬಂದಾಗ, ಪಹಣಿಪತ್ರಿಕೆಯಲ್ಲಿ ಗೇಣಿದಾರನೆಂದು ಯಾರ ಹೆಸರಿದೆ ಎಂಬುದರ ಮೇಲೆ ಎಷ್ಟೋ ಮನೆಗಳ ಅನ್ನ ನಿಂತಿತ್ತು. ಉಳುವವನು ಗದ್ದೆಯಲ್ಲಿಯೇ ಇರುತ್ತಾನೆ. ಅವನ ಹೆಸರು ಇರುವುದು ಬೇರೆ ಕಡೆ, ಕಡತದಲ್ಲಿ. ಅಲ್ಲಿ ಅದು ಅಳಿದುಹೋದರೆ ಗದ್ದೆಯ ಪೈರು ಅವನಿಗೆ ಹೇಳುವುದಿಲ್ಲ.

ಆದುದರಿಂದಲೇ ಭೂಕಂದಾಯದ ಶಾಸನವು ಈ ವಿಷಯದಲ್ಲಿ ಎಚ್ಚರ ವಹಿಸಿದೆ. ಮೈಸೂರು ಎಂಬ ಹೆಸರಿನಿಂದ 1964ರಲ್ಲಿ ಜಾರಿಗೆ ಬಂದು, 1973ರಲ್ಲಿ ರಾಜ್ಯದ ಹೆಸರು ಬದಲಾದ ಮೇಲೆ ಕರ್ನಾಟಕ ಭೂಕಂದಾಯ ಅಧಿನಿಯಮವೆನಿಸಿದ ಆ ಶಾಸನದ 129ನೆಯ ಪ್ರಕರಣವು, ಹಕ್ಕಿನ ಬದಲಾವಣೆಯನ್ನು ರಿಜಿಸ್ಟರಿನಲ್ಲಿ ಬರೆದ ಅಧಿಕಾರಿಯು ಆ ನಮೂದಿನ ಪೂರ್ಣ ಪ್ರತಿಯನ್ನು ಚಾವಡಿಯಲ್ಲಿ ಎಲ್ಲರ ಕಣ್ಣಿಗೆ ಬೀಳುವಂತೆ ಅಂಟಿಸಬೇಕು, ಸಂಬಂಧಪಟ್ಟವರೆಂದು ದಾಖಲೆಯಿಂದ ಕಾಣುವವರಿಗೆಲ್ಲ ಲಿಖಿತವಾಗಿ ತಿಳಿಸಬೇಕು ಎಂದು ವಿಧಿಸುತ್ತದೆ. ಚಾವಡಿಯ ಗೋಡೆಯ ಮೇಲಿನ ಪ್ರತಿ ಮತ್ತು ಮನೆಬಾಗಿಲಿಗೆ ಬರುವ ನೋಟಿಸು, ಎರಡೂ ಬೇಕೆಂದು ಶಾಸನಕಾರರು ಭಾವಿಸಿದುದು ವಿವೇಕದ ಮಾತು. ಗೋಡೆಯ ಮೇಲಿನ ಪ್ರತಿಯೊಂದೇ ಇದ್ದಿದ್ದರೆ, ರೈತನು ತನ್ನ ಹೆಸರು ಉಳಿದಿದೆಯೇ ಎಂದು ನೋಡಲು ಅನುದಿನವೂ ಉಳುಮೆ ಬಿಟ್ಟು ಚಾವಡಿಗೆ ನಡೆಯಬೇಕಾಗುತ್ತಿತ್ತು. ಒಂದು ದಿನ ಹೋಗದಿದ್ದರೆ ಆ ದಿನವೇ ಬದಲಾಗಿರಬಹುದು. ದಿನವೂ ಹೋದರೆ ಒಂಬತ್ತು ವರ್ಷ ಏನೂ ಬದಲಾಗದೆಯೂ ಇರಬಹುದು.

ಗಣಕಯಂತ್ರದ ಕ್ರಮವಿಧಿಗಳು ಬಹುಕಾಲ ಈ ರೈತನಂತೆಯೇ ನಡೆದುಕೊಂಡವು. ಹೆಸರು ಬದಲಾಯಿತೇ ಎಂದು ತಿಳಿಯಬೇಕಾದ ಕ್ರಮವಿಧಿಯು ಕಡತವನ್ನು ತೆರೆದು ಓದುವುದು, ಹಿಂದೆ ಓದಿದುದರೊಡನೆ ಹೋಲಿಸುವುದು, ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಓದುವುದು. ಸೆಕೆಂಡಿಗೊಮ್ಮೆ ಹೀಗೆ ಮಾಡಿದರೆ ದಿನಕ್ಕೆ 86,400 ಸಲ ಓದಿದಂತಾಯಿತು. ಹೆಸರು ವರ್ಷಕ್ಕೊಮ್ಮೆ ಬದಲಾಗುವುದೂ ಅಪರೂಪ. ಅಷ್ಟು ಬೇಡವೆಂದು ಗಂಟೆಗೊಮ್ಮೆ ಓದಿದರೆ, ಬದಲಾದ ಹೆಸರು ತಿಳಿಯದೆ ಹೆಚ್ಚುಕಡಿಮೆ ಒಂದು ಗಂಟೆಯವರೆಗೆ ತಪ್ಪು ಬರೆಯುವ ಅಪಾಯವಿದೆ. ಶ್ರಮವನ್ನು ಉಳಿಸಿದರೆ ಸತ್ಯ ಹೋಗುತ್ತದೆ, ಸತ್ಯವನ್ನು ಉಳಿಸಿದರೆ ಶ್ರಮ ವ್ಯರ್ಥವಾಗುತ್ತದೆ.

ಯಂತ್ರಕ್ಕೇನು ಆಯಾಸವೇ, ಕೇಳಲಿ ಬಿಡು ಎಂದು ಮೊದಮೊದಲು ತಿಳಿದವರಿದ್ದರು. ಆ ಅಭಿಪ್ರಾಯವು ಬ್ಯಾಟರಿಯಿಂದ ನಡೆಯುವ ಸಣ್ಣ ಯಂತ್ರಗಳು ಬಂದ ಮೇಲೆ ಬದಲಾಯಿತು. ಕೆಲಸವಿಲ್ಲದಾಗ ಸಂಸ್ಕಾರಕವು ನಿದ್ರಿಸುತ್ತದೆ. ನಿದ್ರೆ ಎಷ್ಟು ದೀರ್ಘವೋ ವಿದ್ಯುತ್ತಿನ ಉಳಿತಾಯ ಅಷ್ಟು. ಕರ್ನೆಲ್ ಕೂಡ ಹಿಂದೆ ಗಡಿಯಾರದ ಮಿಡಿತಕ್ಕೆ ಸರಿಯಾಗಿ ಸೆಕೆಂಡಿಗೆ ನೂರಾರು ಸಲ ಸಂಸ್ಕಾರಕವನ್ನು ಎಬ್ಬಿಸುತ್ತಿತ್ತು. 2007ರ ಏಪ್ರಿಲ್‌ನಲ್ಲಿ ಬಂದ ಲಿನಕ್ಸ್ 2.6.21ರಲ್ಲಿ, ಕೆಲಸವಿಲ್ಲದಿರುವಾಗ ಆ ಮಿಡಿತವನ್ನು ನಿಲ್ಲಿಸುವ ಏರ್ಪಾಡಾಯಿತು. ಯಜಮಾನನೇ ಸುಮ್ಮನಾದ ಮೇಲೆ, ನಿದ್ರೆಗೆಡಿಸುತ್ತಿರುವವರು ಯಾರು ಯಾರೆಂಬುದು ಸ್ಪಷ್ಟವಾಗಿ ಕಾಣತೊಡಗಿತು. ಏನೂ ಬದಲಾಗದಿದ್ದರೂ ‘ಬದಲಾಯಿತೇ, ಬದಲಾಯಿತೇ’ ಎಂದು ಕೇಳುತ್ತಿದ್ದ ಕ್ರಮವಿಧಿಗಳು ಆ ಪಟ್ಟಿಯಲ್ಲಿದ್ದವು.

ತಟ್ಟೆಯ ಮೇಲಿರುವ ನಿಜವಾದ ಕಡತಗಳಿಗೆ ಆ ವೇಳೆಗಾಗಲೇ ಪರಿಹಾರ ದೊರೆತಿತ್ತು. ಸ್ಟೀಫನ್ ರಾಥ್‌ವೆಲ್ ರಚಿಸಿದ ‘ಡಿನೋಟಿಫೈ’ ಎಂಬ ಏರ್ಪಾಡು 2001ರ ಲಿನಕ್ಸ್ 2.4ರೊಡನೆ ಬಂದಿತು. ಕಡತಕೋಶದೊಳಗೆ ಏನೋ ಬದಲಾಯಿತೆಂದು ಅದು ಹೇಳುತ್ತಿತ್ತೇ ಹೊರತು ಯಾವ ಕಡತವೆಂದು ಹೇಳುತ್ತಿರಲಿಲ್ಲ. ಅದರ ಕೊರತೆಗಳನ್ನು ನೀಗಿಸಿ ಜಾನ್ ಮೆಕ್‌ಕಚನ್ ಮತ್ತು ರಾಬರ್ಟ್ ಲವ್ ಸಿದ್ಧಪಡಿಸಿದ ‘ಐನೋಟಿಫೈ’ 2005ರ ಆಗಸ್ಟಿನಲ್ಲಿ ಲಿನಕ್ಸ್ 2.6.13ರಲ್ಲಿ ಸೇರಿತು. ಇದರಿಂದ ಬೇಕಾದ ಕಡತದ ಬಾಗಿಲಲ್ಲಿ ಕಾವಲುಗಾರನನ್ನು ನಿಲ್ಲಿಸಿದಂತಾಯಿತು. ಯಾರಾದರೂ ಬಂದು ಬರೆದು ಹೋದರೆ ಅವನು ಕೂಗಿ ಹೇಳುತ್ತಾನೆ.

ಹಾಗಾದರೆ ಹೆಸರಿನ ಕಡತಕ್ಕೂ ಅವನನ್ನೇ ನಿಲ್ಲಿಸಬಹುದಿತ್ತಲ್ಲ? ತೊಡಕು ಇರುವುದು ಇಲ್ಲಿಯೇ. ಕಾವಲುಗಾರನು ನೋಡುವುದು ಬಾಗಿಲಿನ ಮೂಲಕ ಹೋಗಿಬರುವವರನ್ನು. ಪ್ರೊಕ್‌ನ ಕಡತಗಳಾದರೋ ಒಳಮನೆಯಲ್ಲಿರುವುದರ ನೆರಳು ಮಾತ್ರ. ಯಂತ್ರದ ಹೆಸರನ್ನು ಬದಲಿಸಬೇಕೆನ್ನುವ ಕ್ರಮವಿಧಿಯು ಕಡತವನ್ನು ತೆರೆದೇ ಬರೆಯಬೇಕೆಂದಿಲ್ಲ. ‘ಸೆಟ್‌ಹೋಸ್ಟ್‌ನೇಮ್’ ಎಂಬ ಕರೆಯನ್ನು ಮಾಡಿ ನೇರವಾಗಿ ಕರ್ನೆಲ್ಲಿಗೇ ಹೇಳಬಹುದು. ಸಾಮಾನ್ಯವಾಗಿ ನಡೆಯುವುದೂ ಹಾಗೆಯೇ. ಆಗ ಬದಲಾವಣೆಯು ಒಳಗಿನಿಂದಲೇ ಆಗಿಹೋಗುತ್ತದೆ. ಬಾಗಿಲು ತೆರೆಯಲಿಲ್ಲ, ಯಾರೂ ಬರಲಿಲ್ಲ, ಹೋಗಲಿಲ್ಲ. ಕಾವಲುಗಾರನು ಪ್ರಾಮಾಣಿಕವಾಗಿ ನಿಂತೇ ಇದ್ದಾನೆ, ಹೆಸರು ಮಾತ್ರ ಬದಲಾಗಿದೆ. ಐನೋಟಿಫೈಯನ್ನು ಪ್ರೊಕ್‌ನಂತಹ ಕಡತಗಳಿಗೆ ನೆಚ್ಚಬಾರದೆಂದು ಅದರ ಕೈಪಿಡಿಯೇ ಎಚ್ಚರಿಸುತ್ತದೆ. ಒಳಗಿನ ಬದಲಾವಣೆಯನ್ನು ಹೇಳಬೇಕಾದವನು ಒಳಗಿನವನೇ ಆಗಿರಬೇಕು. ದಾಖಲೆಯನ್ನು ಕಾಯುವ ಕರ್ನೆಲ್ಲೇ ಆ ಹೊಣೆಯನ್ನು ಹೊರಬೇಕು.

ಇದಕ್ಕೆ ಹಿಂದಿನ ನಿದರ್ಶನವೊಂದಿತ್ತು. ಯಾವ ಯಾವ ಕಡತವ್ಯವಸ್ಥೆಗಳು ಯಂತ್ರಕ್ಕೆ ಜೋಡಣೆಗೊಂಡಿವೆ ಎಂಬುದನ್ನು ತೋರಿಸುವ ‘ಮೌಂಟ್ಸ್’ ಎಂಬ ಪ್ರೊಕ್ ಕಡತಕ್ಕೆ ಲಿನಕ್ಸ್ 2.6.15ರಲ್ಲಿಯೇ ಸೂಚನೆ ಕೊಡುವ ಶಕ್ತಿ ಬಂದಿತ್ತು. ಅದೇ ದಾರಿಯನ್ನು ಹಿಡಿದು, ಕರ್ನೆಲ್ಲಿನ ಸಂರಚನೆಯ ಕಡತಗಳಿಗೆ ಸೂಚನೆಯ ಏರ್ಪಾಡನ್ನು 2011ರಲ್ಲಿ ಸೇರಿಸಿದವರು ಬ್ರೆಜಿಲ್ ದೇಶದ ಲೂಕಾಸ್ ಡಿ ಮಾರ್ಕಿ. 2012ರ ಜನವರಿಯಲ್ಲಿ ಹೊರಬಂದ ಲಿನಕ್ಸ್ 3.2ರೊಡನೆ ಅದು ಜಗತ್ತಿಗೆ ದೊರೆಯಿತು. ಬರೆದ ಸಾಲುಗಳು ಬಹಳವಿಲ್ಲ. ಅದರ ಹಿಂದಿನ ವಿಚಾರ ಮಾತ್ರ ನಿಧಾನವಾಗಿ ನೋಡತಕ್ಕದ್ದು.

ಸೂಚನೆ ಬೇಕಾದ ಪ್ರತಿಯೊಂದು ಕಡತಕ್ಕೂ ಕರ್ನೆಲ್ ಎರಡು ವಸ್ತುಗಳನ್ನು ಇಟ್ಟುಕೊಳ್ಳುತ್ತದೆ. ಒಂದು, ಕಾಯುವವರ ಸಾಲು. ಇನ್ನೊಂದು, ಬದಲಾವಣೆಯ ಎಣಿಕೆ. ಹೆಸರು ಬದಲಾದಾಗಲೆಲ್ಲ ಎಣಿಕೆಯು ಒಂದು ಹೆಚ್ಚುತ್ತದೆ. ಆಮೇಲೆ ಸಾಲಿನಲ್ಲಿ ನಿದ್ರಿಸುತ್ತಿರುವವರನ್ನು ಎಬ್ಬಿಸಲಾಗುತ್ತದೆ. ಕಡತಕ್ಕೆ ಬರೆದು ಬದಲಿಸಿದರೂ, ಕರೆಯ ಮೂಲಕ ಬದಲಿಸಿದರೂ ಈ ಎರಡು ಕೆಲಸಗಳು ತಪ್ಪುವುದಿಲ್ಲ. ಇನ್ನು ಕಾಯುವವನ ಪಾಲಿನ ಕೆಲಸ. ಅವನು ಕಡತವನ್ನು ತೆರೆದಾಗ ಅಂದಿನ ಎಣಿಕೆ ಎಷ್ಟಿತ್ತೆಂಬುದನ್ನು ಕರ್ನೆಲ್ ಅವನ ಲೆಕ್ಕದಲ್ಲಿ ಬರೆದಿಡುತ್ತದೆ. 7 ಎಂದು ಭಾವಿಸಿದರೆ, ಅವನ ಚೀಟಿಯಲ್ಲಿ 7. ಅವನು ಹೆಸರನ್ನು ಓದಿಕೊಂಡು ‘ಪೋಲ್’ ಎಂಬ ಕರೆಯನ್ನು ಮಾಡುತ್ತಾನೆ. ಕರ್ನೆಲ್ ಅವನ ಚೀಟಿಯನ್ನೂ ತನ್ನ ಎಣಿಕೆಯನ್ನೂ ಹೋಲಿಸುತ್ತದೆ. ಎರಡೂ 7 ಆಗಿದ್ದರೆ ಅವನು ನಿದ್ರಿಸಬಹುದು. ತನ್ನ ಎಣಿಕೆ 8 ಆಗಿದ್ದರೆ ಚೀಟಿಯನ್ನು 8 ಎಂದು ತಿದ್ದಿ, ಬದಲಾವಣೆಯಾಗಿದೆಯೆಂಬ ಸಂಕೇತವನ್ನು ಒಡನೆಯೇ ಕೊಡುತ್ತದೆ. ಪೋಲ್ ಎಂಬ ಇಂಗ್ಲಿಷ್ ಮಾತಿಗೆ ಗಣಕಶಾಸ್ತ್ರದಲ್ಲಿ ಮತ್ತೆ ಮತ್ತೆ ಕೇಳುವುದು ಎಂಬ ಅರ್ಥವಿರುವಾಗ, ಮತ್ತೆ ಮತ್ತೆ ಕೇಳುವುದನ್ನು ತಪ್ಪಿಸುವ ಕರೆಗೇ ಆ ಹೆಸರು ಅಂಟಿಕೊಂಡಿರುವುದು ಒಂದು ತಮಾಷೆ.

ಎಣಿಕೆಯ ಅಗತ್ಯವೇನು, ಎಬ್ಬಿಸಿದರೆ ಸಾಲದೇ ಎಂಬ ಸಂದೇಹ ಸಹಜ. ಒಬ್ಬನು ಹೆಸರನ್ನು ಓದಿದ್ದಾನೆ, ಇನ್ನೂ ಸಾಲಿಗೆ ಬಂದು ಮಲಗಿಲ್ಲ. ಆ ನಡುವಣ ಕ್ಷಣದಲ್ಲಿಯೇ ಹೆಸರು ಬದಲಾಯಿತೆನ್ನಿ. ಕರ್ನೆಲ್ ಸಾಲಿನಲ್ಲಿದ್ದವರನ್ನು ಎಬ್ಬಿಸಿತು. ಸಾಲಿನಲ್ಲಿ ಅವನಿರಲಿಲ್ಲ. ಅನಂತರ ಅವನು ಬಂದು ಮಲಗುತ್ತಾನೆ, ಮುಂದಿನ ಬದಲಾವಣೆಯವರೆಗೆ, ಎಂದರೆ ತಿಂಗಳುಗಟ್ಟಲೆ, ಹಳೆಯ ಹೆಸರನ್ನೇ ನಂಬಿಕೊಂಡು. ಕೇಳಿಯ ನಾದ ಮುಗಿದ ಮೇಲೆ ಪರಸ್ಥಳದಿಂದ ಊರಿಗೆ ಬಂದವನಿಗೆ ಆಟದ ಸುದ್ದಿ ತಿಳಿಯದೆ ಹೋಗುವಂತೆಯೇ ಇದು. ಎಣಿಕೆಯಿದ್ದರೆ ಈ ಮೋಸವಿಲ್ಲ. ತಡವಾಗಿ ಬಂದವನ ಚೀಟಿಯಲ್ಲಿ 7, ಗೋಡೆಯ ಮೇಲೆ 8. ಅವನನ್ನು ಮಲಗಗೊಡುವುದೇ ಇಲ್ಲ. ಇದರಲ್ಲಿಯೂ ಕ್ರಮ ಮುಖ್ಯ. ಕರ್ನೆಲ್ ಮೊದಲು ಅವನ ಹೆಸರನ್ನು ಸಾಲಿಗೆ ಸೇರಿಸಿ, ಆಮೇಲೆ ಎಣಿಕೆಗಳನ್ನು ಹೋಲಿಸುತ್ತದೆ. ಹೋಲಿಸಿದ ಮೇಲೆ ಸೇರಿಸಿದ್ದರೆ ಆ ಎರಡರ ನಡುವೆ ಮತ್ತೊಂದು ಬಿರುಕು ಉಳಿಯುತ್ತಿತ್ತು. ಅತ್ತ ಬದಲಿಸುವ ಕಡೆಯೂ ಮೊದಲು ಎಣಿಕೆ ಹೆಚ್ಚಬೇಕು, ಆಮೇಲೆ ಎಬ್ಬಿಸಬೇಕು. ಮೊದಲು ಎಬ್ಬಿಸಿದರೆ ಎದ್ದವನು ಹಳೆಯ ಎಣಿಕೆಯನ್ನೇ ಕಂಡು, ಏನೂ ಆಗಿಲ್ಲವೆಂದು ಮತ್ತೆ ಮಲಗಿಬಿಡುತ್ತಾನೆ. ಇಂತಹ ದೋಷಗಳು ಸಾವಿರ ಸಲಕ್ಕೊಮ್ಮೆ ತಲೆದೋರಿ ಮಾಯವಾಗುವುದರಿಂದ ಅವುಗಳನ್ನು ಹಿಡಿಯುವುದು ಅತಿ ಕಷ್ಟ. ಬರೆಯುವಾಗಲೇ ಕ್ರಮವನ್ನು ಸರಿಯಾಗಿಡುವುದು ಸುಲಭ.

ಎಚ್ಚರಗೊಂಡವನಿಗೆ ದೊರೆಯುವುದು ‘ಬದಲಾಗಿದೆ’ ಎಂಬ ಸಂಕೇತವೊಂದೇ. ಹೊಸ ಹೆಸರನ್ನು ಅದರೊಡನೆ ಕಳುಹಿಸುವುದಿಲ್ಲ. ಅವನು ಕಡತದ ಆರಂಭಕ್ಕೆ ಹಿಂದಿರುಗಿ ಮತ್ತೆ ಓದಬೇಕು. ಇದು ಜಿಪುಣತನವೆಂದು ತೋರಬಹುದು. ಆದರೆ ಸಂಕೇತವು ಹೊರಟು ಅವನನ್ನು ಮುಟ್ಟಿ ಅವನು ಕಣ್ಣುಜ್ಜಿಕೊಂಡು ಏಳುವಷ್ಟರಲ್ಲಿ ಹೆಸರು ಇನ್ನೊಮ್ಮೆ ಬದಲಾಗಿರಬಹುದು; ಕಳುಹಿಸಿದ ಹೆಸರು ದಾರಿಯಲ್ಲಿಯೇ ಹಳಸಿರುತ್ತಿತ್ತು. ತಾನೇ ಹೋಗಿ ಓದಿದವನಿಗೆ ಓದಿದ ಗಳಿಗೆಯಲ್ಲಿ ನಿಜವಾಗಿರುವುದೇ ಸಿಕ್ಕುತ್ತದೆ. ಕೇಳಿ ಬಾರಿಸುವ ಚೆಂಡೆಗಾರನು ಕಥೆ ಹೇಳಲು ಹೋಗದಿರುವುದೂ ಒಳ್ಳೆಯದೇ. ಮೇಳದವರು ಕೊನೆಯ ಗಳಿಗೆಯಲ್ಲಿ ಪ್ರಸಂಗವನ್ನು ಬದಲಿಸಿದ ಸಂದರ್ಭಗಳಿಲ್ಲವೆ?

ಚಾವಡಿಯ ನೋಟಿಸಿಗೂ ಕರ್ನೆಲ್ಲಿನ ಸಂಕೇತಕ್ಕೂ ಇರುವ ಸಾಮ್ಯವನ್ನು ಇಲ್ಲಿಗೆ ನಿಲ್ಲಿಸಬೇಕು. ಏಕೆಂದರೆ ಎರಡು ಕಡೆ ಅವು ಬೇರೆಯಾಗುತ್ತವೆ, ಆ ಬೇರೆತನ ಸಣ್ಣದಲ್ಲ. ಹಕ್ಕುಬದಲಾವಣೆಯ ರಿಜಿಸ್ಟರಿನಲ್ಲಿ ಪ್ರತಿಯೊಂದು ಬದಲಾವಣೆಗೂ ಒಂದು ಕ್ರಮಸಂಖ್ಯೆಯುಂಟು, ಆ ಸಂಖ್ಯೆಯ ಎದುರಿಗೆ ಯಾರಿಂದ ಯಾರಿಗೆ, ಏಕೆ ಎಂಬ ವಿವರವುಂಟು. ಮೊಮ್ಮಗನು ಅಜ್ಜನ ಕಾಲದ ನಮೂದನ್ನು ತೆಗೆಸಿ ನೋಡಬಹುದು. ಕರ್ನೆಲ್ಲಿನಲ್ಲಿ ಸಂಖ್ಯೆಯುಂಟು, ವಿವರವಿಲ್ಲ. ಎಣಿಕೆಯು 7ರಿಂದ 10ಕ್ಕೆ ಏರುವಷ್ಟರಲ್ಲಿ ಕಾಯುವವನು ಒಮ್ಮೆ ಮಾತ್ರ ಎದ್ದಿದ್ದರೆ, ಅವನಿಗೆ ಕಾಣುವುದು ಕೊನೆಯ ಹೆಸರು. ನಡುವಿನ ಎರಡು ಹೆಸರುಗಳು ಇದ್ದವೆಂಬುದೇ ಅವನಿಗೆ ತಿಳಿಯದು. ಈಗ ಏನಿದೆ ಎಂಬುದಷ್ಟೇ ಸಾಕಾದವನಿಗೆ ಈ ಏರ್ಪಾಡು ಸಾಕು; ಹೇಗೆ ಬಂದಿತೆಂದು ಬೇಕಾದವನಿಗೆ ಸಾಲದು.

ಎರಡನೆಯ ಭೇದ ಇನ್ನೂ ಗಂಭೀರವಾದುದು. ಚಾವಡಿಯ ನೋಟಿಸು ಬರುವುದು ನಮೂದು ಪ್ರಮಾಣೀಕೃತವಾಗುವುದಕ್ಕೆ ಮೊದಲು. ರೈತನು ‘ಇದು ನನ್ನ ಗದ್ದೆ, ಈ ಬದಲಾವಣೆ ಸಲ್ಲದು’ ಎಂದು ಆಕ್ಷೇಪಿಸಬಹುದು. ಆಕ್ಷೇಪಿಸಿದರೆ ಅದು ತಕರಾರಿನ ರಿಜಿಸ್ಟರಿಗೆ ಹೋಗಿ ವಿಚಾರಣೆಯಾಗುತ್ತದೆ. ಅಲ್ಲಿ ಸುದ್ದಿಯು ಹಕ್ಕಿನ ಒಂದು ಅಂಗ. ಕರ್ನೆಲ್ಲಿನ ಸಂಕೇತವು ಎಲ್ಲವೂ ಆಗಿಹೋದ ಮೇಲೆ ಬರುತ್ತದೆ. ಹೆಸರನ್ನು ಬದಲಿಸುವ ಅಧಿಕಾರ ಯಂತ್ರದ ಆಡಳಿತಗಾರನದು. ದಿನಚರಿಕಾರನ ಒಪ್ಪಿಗೆಯನ್ನು ಯಾರೂ ಕೇಳುವುದಿಲ್ಲ. ಯಂತ್ರದೊಳಗೆ ಅದು ಸರಿಯೇ. ಇಂದು ಭೂದಾಖಲೆಗಳೂ ಗಣಕಯಂತ್ರಕ್ಕೆ ಸೇರಿವೆ. ಕರ್ನಾಟಕದ ‘ಭೂಮಿ’ ಯೋಜನೆಯಲ್ಲಿ ಸುಮಾರು 2 ಕೋಟಿ ಪಹಣಿಗಳನ್ನು ಈ ಶತಮಾನದ ಮೊದಲ ವರ್ಷಗಳಲ್ಲಿ ಅದಕ್ಕೆ ಏರಿಸಲಾಯಿತು. ಕಡತವು ಕಾಗದದಿಂದ ಯಂತ್ರಕ್ಕೆ ಹೋದಾಗ ಈ ಎರಡು ಬಗೆಯ ಸುದ್ದಿಗಳನ್ನು ಒಂದೆಂದು ಭ್ರಮಿಸುವ ಅಪಾಯವಿದೆ. ‘ನಿಮ್ಮ ಹೆಸರು ತೆಗೆಯಲಾಗಿದೆ’ ಎಂಬ ಸಂದೇಶ ಎಷ್ಟು ಬೇಗ ಬಂದರೂ, ‘ತೆಗೆಯಲಿದ್ದೇವೆ, ನಿಮ್ಮ ಮಾತೇನು’ ಎಂಬ ನೋಟಿಸಿನ ಸ್ಥಾನವನ್ನು ಅದು ತುಂಬಲಾರದು.

ಕರ್ನೆಲ್ಲಿನ ಏರ್ಪಾಡಿನಲ್ಲಿ ಉಳಿದುಹೋದ ಒಂದು ಸಣ್ಣ ತೊಡಕನ್ನೂ ಹೇಳಬೇಕು. ಒಂದೇ ಯಂತ್ರವನ್ನು ಹಲವು ಮನೆಗಳಾಗಿ ವಿಂಗಡಿಸಿ, ಪ್ರತಿಯೊಂದು ಮನೆಗೂ ಬೇರೆ ಬೇರೆ ಹೆಸರಿಡುವ ಸೌಕರ್ಯ ಲಿನಕ್ಸಿನಲ್ಲಿ 2006ರಿಂದ ಇದೆ. ಹೆಸರುಗಳು ಬೇರೆಯಾದರೂ ಎಣಿಕೆ ಮತ್ತು ಕಾಯುವವರ ಸಾಲು ಎಲ್ಲ ಮನೆಗಳಿಗೂ ಒಂದೇ. ಆದುದರಿಂದ ನೆರೆಮನೆಯ ಹೆಸರು ಬದಲಾದರೂ ಈ ಮನೆಯವನು ಎಚ್ಚರಗೊಳ್ಳುತ್ತಾನೆ. ಎದ್ದು ಓದಿ ನೋಡಿದರೆ ಹಳೆಯ ಹೆಸರೇ ಇರುತ್ತದೆ. ಅವನು ಮತ್ತೆ ಮಲಗುತ್ತಾನೆ. ಕೇಳಿಯ ನಾದವನ್ನು ಅನುಸರಿಸಿ ಹೋದವನು, ಆಟ ಪಕ್ಕದೂರಿನದೆಂದು ತಿಳಿದು ಹಿಂದಿರುಗಿದಂತೆ. ಸುಮ್ಮನೆ ಎದ್ದುದರಿಂದ ಆಗುವ ನಷ್ಟ ಅಲ್ಪ. ಏಳಬೇಕಾದಾಗ ಏಳದಿದ್ದರೆ ಆಗುವ ನಷ್ಟ ದೊಡ್ಡದು. ಎರಡರಲ್ಲಿ ಒಂದನ್ನು ಸಹಿಸಬೇಕಾದರೆ ಮೊದಲಿನದನ್ನೇ ಸಹಿಸಬೇಕೆಂಬುದು ಕರ್ನೆಲ್ ಬರೆಯುವವರ ಹಳೆಯ ರೂಢಿ.

ಎಲ್ಲ ಕಡತಗಳಿಗೂ ಈ ಶಕ್ತಿಯನ್ನು ಕೊಡಲಿಲ್ಲ. ಯಂತ್ರದ ಹೆಸರಿಗೂ ಅದರ ಜೊತೆಗಿರುವ ಕ್ಷೇತ್ರನಾಮಕ್ಕೂ ಮಾತ್ರ ಅಂದು ಅದು ದೊರೆಯಿತು. ಅವುಗಳ ಪಕ್ಕದಲ್ಲಿಯೇ ಕರ್ನೆಲ್ಲಿನ ಆವೃತ್ತಿಯನ್ನು ಹೇಳುವ ಕಡತಗಳಿವೆ. ಯಂತ್ರವು ನಡೆಯುತ್ತಿರುವಷ್ಟು ಕಾಲ ಅವು ಬದಲಾಗುವುದೇ ಇಲ್ಲವಾದುದರಿಂದ ಅವಕ್ಕೆ ಕಾಯುವವರ ಸಾಲು ವ್ಯರ್ಥ. ಉಳಿದ ನೂರಾರು ಕಡತಗಳ ಬಾಗಿಲಲ್ಲಿ ಯಾರಾದರೂ ಕಾಯುತ್ತ ಕುಳಿತರೆ ಬದಲಾವಣೆಯ ಸಂಕೇತ ಎಂದೂ ಬರುವುದಿಲ್ಲ. ಬೇಕಾದಾಗ ಸೇರಿಸಿಕೊಳ್ಳುವ ದಾರಿ ತೆರೆದಿದೆ.

ಲಿನಕ್ಸ್ ಯಂತ್ರಗಳ ದಿನಚರಿಯನ್ನು ಬರೆಯುವ ‘ಜರ್ನಲ್‌ಡಿ’ ಎಂಬ ಕ್ರಮವಿಧಿಯು ಈ ಏರ್ಪಾಡನ್ನು ಬಳಸಿಕೊಂಡಿತು. ಅದು ಚಾಲನೆಗೊಂಡೊಡನೆ ಹೆಸರಿನ ಕಡತವನ್ನು ತೆರೆದು, ಸಾಲಿನಲ್ಲಿ ತನ್ನ ಹೆಸರನ್ನು ಹಚ್ಚಿ, ಬೇರೆ ಕೆಲಸಗಳಿಗೆ ತೊಡಗುತ್ತದೆ. ಸಂಕೇತ ಬಂದಾಗ ಯಂತ್ರದ ಹೆಸರನ್ನು ಮತ್ತೆ ಕೇಳಿ ತಿಳಿದುಕೊಂಡು, ಮುಂದಿನ ದಾಖಲೆಯಿಂದ ಹೊಸ ಹೆಸರನ್ನು ಬರೆಯುತ್ತದೆ. 3.2ಕ್ಕಿಂತ ಹಿಂದಿನ ಕರ್ನೆಲ್ಲುಗಳು ಬಳಕೆಯಲ್ಲಿದ್ದ ದಿನಗಳಲ್ಲಿ ಅಂತಹ ಯಂತ್ರದಲ್ಲಿ ಅದು ಸಾಲಿಗೆ ನಿಲ್ಲಲು ಕೇಳಿದರೆ ಕರ್ನೆಲ್ ನಿರಾಕರಿಸುತ್ತಿತ್ತು. ಆಗ ಅದು ಕೆಲಸವನ್ನು ನಿಲ್ಲಿಸುತ್ತಿರಲಿಲ್ಲ. ಹೆಸರಿನ ಬದಲಾವಣೆ ತನಗೆ ತಿಳಿಯದೆಂದು ಎಚ್ಚರಿಕೆಯ ಒಂದು ಸಾಲನ್ನು ದಾಖಲಿಸಿ, ಮೊದಲು ಓದಿಕೊಂಡ ಹೆಸರಿನಲ್ಲಿಯೇ ದಿನಚರಿಯನ್ನು ಮುಂದುವರಿಸುತ್ತಿತ್ತು.